‘ಒಪ್ಪಿಗೆ’ ಆಟ, ಏಳನೇ ಪ್ರತಿ: ಆ ಒಂದು ಕಾರ್ಡ್ ಕೊನೆಗೂ ಸರಿ ಕೂತಿತು

ಕೊನೆಗೂ ಆಯಿತು! ನಾನು ತಯಾರಿಸುತ್ತಿರುವ ‘ಒಪ್ಪಿಗೆ’ ಅನ್ನುವ ಬೋರ್ಡ್ ಆಟದಲ್ಲಿ ಮೂರು ತಿಂಗಳಿಂದ ಕಾಡುತ್ತಿದ್ದ ಕಾರ್ಡ್ ನಿನ್ನೆ ರಾತ್ರಿ ಸರಿಯಾಗಿ ಕೆಲಸ ಮಾಡಿತು. ನಾಲ್ಕು ಜನ ಕೂತು ಆಡಿದೆವು, ನಡುವೆ ಯಾರೂ ನಿಯಮದ ಹಾಳೆ ಕೇಳಲಿಲ್ಲ. ಆಟ ಮುಗಿದ ಮೇಲೂ ಅರ್ಧ ಗಂಟೆ ಜಗಳ ನಡೆಯಿತು. ಆಟದ ಬಗ್ಗೆ ಅಲ್ಲ, ಆಟಕ್ಕೆ ಆಧಾರವಾದ ರಾಜಕಾರಣಿಯ ಬಗ್ಗೆ. ನನಗೆ ಬೇಕಿದ್ದದ್ದು ಅದೇ.

ಬೋರ್ಡ್ ಬರೆದದ್ದು, ಕಾರ್ಡ್ ಕತ್ತರಿಸಿದ್ದು, ಅದಕ್ಕೆ ಸ್ಲೀವ್ (ಪ್ಲಾಸ್ಟಿಕ್ ಹೊದಿಕೆ) ಹಾಕಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಮರೆತವರಿಗಾಗಿ ಇಷ್ಟು: ಒಬ್ಬರು ಸೆನೆಟರ್ (ಅಮೆರಿಕ ಸಂಸತ್ತಿನ ಮೇಲ್ಮನೆ ಸದಸ್ಯ), ಉಳಿದ ಮೂವರು ಮತದಾರರು, ಪಕ್ಷದವರು, ಪತ್ರಿಕೆಯವರು. ಆಧಾರ ಅಮೆರಿಕದ ಐಡಹೊ ರಾಜ್ಯದ ಸೆನೆಟರ್ ಲ್ಯಾರಿ ಕ್ರೇಗ್ ಅವರ 2007ರ ಪ್ರಕರಣ.

ಆ ವರ್ಷ ಜೂನ್ 11ರಂದು ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಅವರನ್ನು ಬಂಧಿಸಿದರು. ಪಕ್ಕದಲ್ಲಿದ್ದ ಮಫ್ತಿ ಪೊಲೀಸನನ್ನು ಲೈಂಗಿಕ ಸಂಪರ್ಕಕ್ಕೆ ಕರೆಯುವಂತೆ ಕಾಲಿನಿಂದ ಸನ್ನೆ ಮಾಡಿದರು ಅನ್ನುವುದು ಆರೋಪ. ಆಗಸ್ಟ್ 1ರಂದು ಅವರು ತಪ್ಪೊಪ್ಪಿಗೆಗೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಿದರು. ಅನುಚಿತ ವರ್ತನೆ ಅನ್ನುವ ಸಣ್ಣ ಅಪರಾಧ ಅದು. ವಕೀಲರನ್ನು ಕೇಳಲಿಲ್ಲ, ಮನೆಯವರಿಗೆ ಹೇಳಲಿಲ್ಲ. ಸುಮ್ನೆ ಮುಗಿದುಹೋದರೆ ಸಾಕು ಅಂದುಕೊಂಡಿದ್ದರು. ಆಗಸ್ಟ್ 27ಕ್ಕೆ ರೋಲ್ ಕಾಲ್ ಪತ್ರಿಕೆ ಸುದ್ದಿ ಮಾಡಿತು. ಮರುದಿನವೇ ಬೊಯ್ಸಿ ನಗರದಲ್ಲಿ ಮೈಕ್ ಮುಂದೆ ನಿಂತು, ನಾನು ಏನೂ ತಪ್ಪು ಮಾಡಿಲ್ಲ, ಒಪ್ಪಿಕೊಂಡದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದೇನೆ ಅಂದರು.

ಈ ಮರುದಿನದ ಮಾತೇ ನನ್ನ ಕಾರ್ಡ್. ‘ನಾನು ನಿರಪರಾಧಿ’ ಅಂತ ಅದರ ಹೆಸರು.

ಮೊದಲ ಪ್ರತಿಗಳಲ್ಲಿ ಜನಾಭಿಪ್ರಾಯಕ್ಕೆ ಒಂದೇ ಪಟ್ಟಿ ಇತ್ತು, ಸೊನ್ನೆಯಿಂದ 20ರವರೆಗೆ. ತಪ್ಪೊಪ್ಪಿಗೆ ಬಿದ್ದರೆ ಕಾಯಿ ಎಂಟು ಮನೆ ಕೆಳಗೆ. ನಿರಪರಾಧಿ ಕಾರ್ಡ್ ಹಾಕಿದರೆ ನಾಲ್ಕು ಮನೆ ಮೇಲೆ. ನೋಡಲಿಕ್ಕೆ ಚೆನ್ನಾಗಿತ್ತು. ಆದರೆ ಎರಡನೇ ಆಟಕ್ಕೇ ನನ್ನ ತಮ್ಮ ದಾರಿ ಕಂಡುಹಿಡಿದ: ಮೊದಲು ಒಪ್ಪಿಕೋ, ಕೇಸು ಮುಗಿಸು, ಆಮೇಲೆ ಇಲ್ಲ ಅನ್ನು. ಪ್ರತಿ ಸಲವೂ ಅದೇ ಲಾಭ. ಸರಿ, ಕಾರ್ಡನ್ನು ತಿರುಗಿಸಿದೆ, ಹಾಕಿದರೆ ಇನ್ನೂ ನಾಲ್ಕು ಮನೆ ಕೆಳಗೆ ಅಂತ. ಆಗ ಯಾರೂ ಅದನ್ನು ಮುಟ್ಟಲೇ ಇಲ್ಲ. ಐದನೇ ಪ್ರತಿಯಲ್ಲಿ ದಾಳ ತಂದೆ. ಅದು ಇನ್ನೂ ಕೆಟ್ಟದಾಯಿತು. “ಜನರ ಮನಸ್ಸು ಏನು ದಾಳವಾ?” ಅಂತ ತಮ್ಮ ಕಾರ್ಡ್ ಮಡಚಿಟ್ಟು ಎದ್ದ. ಅವನ ಸಿಟ್ಟು ನ್ಯಾಯವಾಗಿತ್ತು. ಜನ ಸುಮ್ಮನೆ ಹೇಗೆಂದರೆ ಹಾಗೆ ತೀರ್ಮಾನ ಮಾಡುವುದಿಲ್ಲ, ಅವರಿಗೆ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕ ನನಗೆ ಸಿಕ್ಕಿರಲಿಲ್ಲ, ಅಷ್ಟೇ.

ಈ ನಡುವೆ ಕಾರ್ಡ್ ಮುದ್ರಿಸಿಕೊಡುವವರ ಕಾಟ ಬೇರೆ. ಆರನೇ ಪ್ರತಿಯನ್ನು ಎರಡು ಕಂತಿನಲ್ಲಿ ಮುದ್ರಿಸಿದರು. ಎರಡನೇ ಕಂತಿನ ಬೆನ್ನಿನ ನೀಲಿ ಬಣ್ಣ ಒಂದು ಚೂರು ತಿಳಿ. ನಿರಪರಾಧಿ ಕಾರ್ಡ್ ಆ ಕಂತಿನಲ್ಲೇ ಇತ್ತು. ಸೆನೆಟರ್ ಕೈಯಲ್ಲಿ ಅದು ಬಂತು ಅಂತ ಮೇಜಿನ ಸುತ್ತ ಎಲ್ಲರಿಗೂ ಗೊತ್ತು! ಫೋನ್ ಮಾಡಿ ಹೇಳಿದರೆ “ಅಷ್ಟು ವ್ಯತ್ಯಾಸ ಯಾರು ನೋಡ್ತಾರೆ ಸರ್” ಅಂದರು. ಇಸ್ಪೀಟು ಆಡಿದ ಯಾರನ್ನಾದರೂ ಕೇಳಿ. ಕಾಯಿ ಕೊಡುವವರೂ ಎಂಟು ಮಿಲಿಮೀಟರ್ ಕೇಳಿದರೆ ಹತ್ತರದ್ದು ಕಳಿಸಿದರು, ಒಂದು ಮನೆಯಲ್ಲಿ ಎರಡು ನಿಲ್ಲುವುದಿಲ್ಲ. ಈಗ ಅಪಾರದರ್ಶಕ ಸ್ಲೀವ್ ಹಾಕಿ, ಮನೆಗಳನ್ನು ದೊಡ್ಡದು ಮಾಡಿ ಹೇಗೋ ಸಂಭಾಳಿಸಿದ್ದೇನೆ.

ಬಿಡಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ದಾರಿ ತೋರಿಸಿದ್ದು ನಮ್ಮ ಅತ್ತಿಗೆ. ಮತದಾರರ ಪಾತ್ರದಲ್ಲಿ ಕೂತಿದ್ದರು. ಇಡೀ ಆಟದಲ್ಲಿ ಮಾತೇ ಆಡಿರಲಿಲ್ಲ. ನಿರಪರಾಧಿ ಕಾರ್ಡ್ ಬಿದ್ದಾಗ ಕಾಯಿ ಕೈಯಲ್ಲಿ ಹಿಡಿದು ಹೇಳಿದರು: “ಅವನು ಮಾಡಿದ್ದಾನೋ ಇಲ್ಲವೋ ನಂಗೊತ್ತಿಲ್ಲ. ಎರಡು ಮಾತಲ್ಲಿ ಒಂದು ಸುಳ್ಳು, ಅಷ್ಟು ಗೊತ್ತು. ಈ ಕಾಯಿ ಎಲ್ಲಿಡಲಿ?”

ಎಲ್ಲಿಡಲಿ! ನನ್ನ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಆದರೂ ಮೂರು ತಿಂಗಳು ನಾನು ಕೃತ್ಯವನ್ನೂ ಮಾತನ್ನೂ ಒಂದೇ ಪಟ್ಟಿಯಲ್ಲಿ ಓಡಿಸುತ್ತಿದ್ದೆ. ಅವತ್ತೇ ರಾತ್ರಿ ಎರಡು ಪಟ್ಟಿ ಬರೆದೆ. ಒಂದು ‘ಮಾಡಿದ್ದಾರಾ?’. ಇನ್ನೊಂದು ‘ಮಾತು ನಂಬಬಹುದಾ?’. ನಿರಪರಾಧಿ ಕಾರ್ಡ್ ಮೊದಲನೆಯದರಲ್ಲಿ ಕಾಯಿಯನ್ನು ಮೇಲಕ್ಕೆ ತರಬಹುದು. ಎರಡನೆಯದರಲ್ಲಿ ಖಂಡಿತ ಇಳಿಸುತ್ತದೆ.

ಕ್ರೇಗ್ ವಿಷಯದಲ್ಲಿ ನಡೆದದ್ದು ಹೀಗೇ. ಬರೀ ಕಾಲಿನ ಸನ್ನೆ ಅಪರಾಧವೇ ಅಲ್ಲ, ಪೊಲೀಸರು ಹೀಗೆ ಬಲೆ ಬೀಸುವುದೇ ಸರಿಯಲ್ಲ ಅನ್ನುವವರು ಆಗಲೇ ಇದ್ದರು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಅವರ ಪರವಾಗಿ ನ್ಯಾಯಾಲಯಕ್ಕೆ ವಾದ ಸಲ್ಲಿಸಿತು. ಅದೇ ಹೊತ್ತಿಗೆ ಅವರ ಸ್ವಂತ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್, ನಾರ್ಮ್ ಕೋಲ್ಮನ್ ರಾಜೀನಾಮೆ ಕೊಡಿ ಅಂದರು. ಅದೇ ಪಕ್ಷದ ಆರ್ಲೆನ್ ಸ್ಪೆಕ್ಟರ್ ಮಾತ್ರ, ಒಪ್ಪಿಗೆ ಹಿಂದೆ ತೆಗೆದುಕೊಂಡು ಹೋರಾಡಿ ಅಂದರು. ಒಂದು ಪಟ್ಟಿಯ ಬೋರ್ಡಿನಲ್ಲಿ ಸ್ಪೆಕ್ಟರ್ ಕಾರ್ಡಿಗೆ ಅರ್ಥವೇ ಇರಲಿಲ್ಲ. ಈಗ ಅದು ಪಕ್ಷದವರ ಕೈಯಲ್ಲಿ ನನಗೆ ತುಂಬ ಇಷ್ಟವಾದ ಕಾರ್ಡ್.

ಇನ್ನೊಂದು ಕೊಂಡಿ ಬೇಕಿತ್ತು, ಸಮಯದ್ದು. ಸುದ್ದಿ ಹೊರಬರುವ ಮೊದಲೇ ಕೋರ್ಟಿಗೆ ಹೋಗಿ ‘ಭಯದಿಂದ ಸಹಿ ಹಾಕಿದೆ’ ಅಂದಿದ್ದರೆ ಜನ ಬೇರೆ ಥರ ಕೇಳುತ್ತಿದ್ದರು ಅಂತ ನನ್ನ ನಂಬಿಕೆ. ಅದಕ್ಕೆ ಈಗ ಸುದ್ದಿ ಕಾರ್ಡ್ ಮಗುಚಿಲ್ಲದಿದ್ದರೆ ಮಾತಿನ ಪಟ್ಟಿಯಲ್ಲಿ ಒಂದೇ ಮನೆ ನಷ್ಟ, ಮಗುಚಿದ್ದರೆ ಐದು. ನಿನ್ನೆ ಸೆನೆಟರ್ ಆಗಿದ್ದ ತಮ್ಮ ಕಾರ್ಡ್ ಹಿಡಿದು ಪೂರ್ತಿ ಎರಡು ಸುತ್ತು ಒದ್ದಾಡಿದ. ಹಾಕಲೋ ಬೇಡವೋ, ಸುದ್ದಿ ಬರದೇ ಹೋದರೆ? ಕ್ರೇಗ್ ಕೂಡ ಆ ಆಗಸ್ಟ್ ತಿಂಗಳಿಡೀ ಹೀಗೇ ಕಳೆದಿರಬೇಕು ಅನ್ನಿಸಿ ನನಗೆ ಒಂಥರಾ ಸಂಕಟವಾಯಿತು.

ಇಲ್ಲೇ ಸ್ವಲ್ಪ ದಾರಿ ಬಿಡುತ್ತೇನೆ, ತಲೆಯಲ್ಲಿ ಮುಂದಿನ ಆಟ ಆಗಲೇ ಶುರುವಾಗಿದೆ. ಇಬ್ಬರ ಆಟ, ಅಮೆರಿಕದ ಉಪಾಧ್ಯಕ್ಷರಾಗಿದ್ದ ಸ್ಪೈರೊ ಆಗ್ನ್ಯೂ ಬಗ್ಗೆ. 1973ರ ಸೆಪ್ಟೆಂಬರ್ 29ರಂದು, ದೋಷಾರೋಪ ಬಂದರೂ ರಾಜೀನಾಮೆ ಕೊಡಲ್ಲ ಅಂದರು. ಅಕ್ಟೋಬರ್ 10ಕ್ಕೆ ರಾಜೀನಾಮೆ. ಅದೇ ದಿನ ತೆರಿಗೆ ತಪ್ಪಿಸಿದ ಆರೋಪಕ್ಕೆ ‘ನಾನು ಎದುರು ವಾದ ಮಾಡುವುದಿಲ್ಲ’ ಅಂತ ನ್ಯಾಯಾಲಯಕ್ಕೆ ಹೇಳಿದರು. ಒಪ್ಪಿದ್ದೂ ಅಲ್ಲ, ಇಲ್ಲ ಅಂದದ್ದೂ ಅಲ್ಲ. ಆದರೆ ನ್ಯಾಯಾಧೀಶ ಹಾಫ್‌ಮನ್ ಇದು ತಪ್ಪೊಪ್ಪಿಗೆಗೆ ಸಮ ಅಂತ ಸ್ಪಷ್ಟವಾಗಿ ಹೇಳಿ, 10,000 ಡಾಲರ್ ದಂಡ ಹಾಕಿದರು. ಆಗ್ನ್ಯೂ ಮಾತ್ರ ಕೊನೆಯವರೆಗೂ ನಾನು ನಿರಪರಾಧಿ ಅಂತಲೇ ಹೇಳಿದರು. ಎರಡೂ ಅಲ್ಲದ ಈ ಮೂರನೇ ಕಾರ್ಡಿಗೆ ಎಷ್ಟು ಮನೆ ಅಂತ ಯೋಚಿಸುತ್ತಿದ್ದರೆ ನಿದ್ದೆ ಬರುವುದಿಲ್ಲ.

ವಾಪಸ್ ಬರೋಣ. ಏಳನೇ ಪ್ರತಿಯಲ್ಲಿ ಒಂದು ವಿಷಯ ನನ್ನನ್ನು ಇನ್ನೂ ಕೊರೆಯುತ್ತಿದೆ. ಒಪ್ಪಿಕೊಂಡು ಆಮೇಲೆ ಇಲ್ಲ ಅನ್ನುವವರೆಲ್ಲ ಸುಳ್ಳರು ಅಂತ ಈ ಆಟ ಕಲಿಸಬಾರದು. ಅಮೆರಿಕದಲ್ಲಿ ಶಿಕ್ಷೆಯಾಗುವ ಪ್ರಕರಣಗಳಲ್ಲಿ ಹೆಚ್ಚಿನವು ವಿಚಾರಣೆಗೇ ಹೋಗುವುದಿಲ್ಲ. ಫೆಡರಲ್ (ಕೇಂದ್ರದ) ನ್ಯಾಯಾಲಯಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ 94 ತಪ್ಪೊಪ್ಪಿಗೆಯಿಂದಲೇ ಮುಗಿಯುತ್ತವೆ ಅಂತ 2012ರಲ್ಲಿ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಬರೆದಿದೆ. ದೊಡ್ಡ ಶಿಕ್ಷೆಗೆ ಹೆದರಿ ಮಾಡದ ತಪ್ಪು ಒಪ್ಪಿಕೊಂಡವರೂ ಅವರಲ್ಲಿದ್ದಾರೆ. ಕೈಯಲ್ಲಿ ಕಾಸಿಲ್ಲದೆ ಜೈಲಿನಲ್ಲಿ ಕೂತವನ ಸಹಿ ಒಂದು. ಕಾನೂನು ಮಾಡುವ ಸೆನೆಟರ್ ಸಹಿ ಇನ್ನೊಂದು. ಕ್ರೇಗ್ ಒಪ್ಪಿಗೆ ಹಿಂಪಡೆಯಲು ಅರ್ಜಿ ಹಾಕಿದಾಗ ನ್ಯಾಯಾಧೀಶ ಚಾರ್ಲ್ಸ್ ಪೋರ್ಟರ್ ಇದನ್ನೇ ಹಿಡಿದರು: ಇವರು ಓದಿದವರು, ರಾಜಕೀಯದಲ್ಲೇ ಬದುಕಿದವರು, ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಗೊತ್ತಿತ್ತು. 2007ರ ಅಕ್ಟೋಬರ್ 4ಕ್ಕೆ ಅರ್ಜಿ ವಜಾ. 2008ರ ಡಿಸೆಂಬರ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಅದಕ್ಕೆ ಪೆಟ್ಟಿಗೆಯಲ್ಲಿ ಇನ್ನೊಂದು ಪಾತ್ರದ ಹಾಳೆ ಸೇರಿಸುತ್ತಿದ್ದೇನೆ: ಹೆಸರಿಲ್ಲದ ಸಾಮಾನ್ಯ ಮನುಷ್ಯ. ಅದೇ ನಿರಪರಾಧಿ ಕಾರ್ಡ್, ಅದೇ ಬೋರ್ಡ್. ಆದರೆ ಮಾತಿನ ಪಟ್ಟಿಯಲ್ಲಿ ಅವನಿಗೆ ನಷ್ಟವೇ ಇಲ್ಲ. ತಮ್ಮ ಇದು ಪಕ್ಷಪಾತ ಅಂತಾನೆ. ನಾನು ಒಪ್ಪುವುದಿಲ್ಲ, ಬದಲಾಯಿಸುವುದೂ ಇಲ್ಲ.

ಬಾಕಿ ಉಳಿದಿರುವುದು ಒಂದೇ ಕಾರ್ಡ್. 2007ರ ಅಕ್ಟೋಬರ್‌ನಲ್ಲೇ, ಅರ್ಜಿ ವಜಾ ಆದ ಕೆಲವೇ ದಿನಗಳಲ್ಲಿ, ರಾಜ್ಯದ ಗಣ್ಯರನ್ನು ಗೌರವಿಸುವ ಸಂಸ್ಥೆಯಾದ ಐಡಹೊ ಹಾಲ್ ಆಫ್ ಫೇಮ್ ಕ್ರೇಗ್ ಅವರನ್ನು ಸೇರಿಸಿಕೊಂಡು ಗೌರವಿಸಿತು. ಸುದ್ದಿ ಹೊರಬರುವ ಎಷ್ಟೋ ಮೊದಲೇ ಆಯ್ಕೆ ಆಗಿತ್ತು. ರಾಜೀನಾಮೆ ಕೊಡುತ್ತೇನೆ ಅಂದಿದ್ದ ಅವರು ಆ ಮಾತನ್ನೂ ಬದಲಿಸಿ 2009ರ ಜನವರಿಯವರೆಗೆ ಅವಧಿ ಮುಗಿಸಿದರು. ನಿನ್ನೆ ಈ ಹಾಲ್ ಆಫ್ ಫೇಮ್ ಕಾರ್ಡ್ ತೆರೆದಾಗ ಮೂವರೂ ಮುದ್ರಣದ ತಪ್ಪು ಅಂದುಕೊಂಡು ಪಕ್ಕಕ್ಕೆ ಇಟ್ಟುಬಿಟ್ಟರು. ಎಂಟನೇ ಪ್ರತಿಯಲ್ಲಿ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದು ನಿಜವಾಗಿ ನಡೆದದ್ದು’ ಅಂತ ಸೇರಿಸುತ್ತೇನೆ. ಭಾನುವಾರ ಅತ್ತಿಗೆ ಮತ್ತೆ ಬರುತ್ತಾರೆ, ಈ ಸಲ ಸೆನೆಟರ್ ಹಾಳೆ ಅವರಿಗೇ.