ಡಿಕ್ಕಿಯಲ್ಲಿ ಅವ್ವನ ವೀಲ್‌ಚೇರ್

ರಾಯಚೂರು, 12 ಅಕ್ಟೋಬರ್ 2025, ಭಾನುವಾರ ರಾತ್ರಿ

ಹೊಸ ಕಾರು ಯಾವುದು, ಹ್ಯುಂಡೈ ಕ್ರೆಟಾ ಡೀಸೆಲ್ಲೋ, ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ಡೋ? ಶ್ರಾವಣದಿಂದ ಮನೆಯಲ್ಲಿ ಇದೇ ಮಾತು. ಇವತ್ತು ಮುಗಿಯಿತು.

ನನ್ನ ಮನಸ್ಸಿದ್ದದ್ದು ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಮೇಲೆ. ಮಾರುತಿ ಹೆಸರಿದ್ದರೂ ಅದು ತಯಾರಾಗುವುದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಶನಿವಾರ ಓಡಿಸಿ ನೋಡಿದೆ. ಊರೊಳಗಿನ ತೀನ್ ಕಂದೀಲ್ ವೃತ್ತದ ಗದ್ದಲದಲ್ಲಿ ಎಂಜಿನ್ನಿನ ಸದ್ದೇ ಇಲ್ಲದೆ ಬ್ಯಾಟರಿ ಮೇಲೆ ಸಾಗಿತು. ಊರೊಳಗಿನ ಓಡಾಟವಷ್ಟೇ ಇದ್ದಿದ್ದರೆ ಎರಡನೇ ಯೋಚನೆ ಮಾಡುತ್ತಿರಲಿಲ್ಲ.

ನಮ್ಮ ಕಾರಿನ ನಿಜವಾದ ಕೆಲಸ ಬೇರೆ. ಎರಡು ವರ್ಷದ ಹಿಂದೆ ಅವ್ವನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ತಿಂಗಳಿಗೊಮ್ಮೆ ಹೈದರಾಬಾದಿನ ಆಸ್ಪತ್ರೆ. ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿ, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋಗಬೇಕು. ಈಗಿನ ಸಣ್ಣ ಕಾರಿನ ಡಿಕ್ಕಿಗೆ ವೀಲ್‌ಚೇರ್ ಹಿಡಿಯುವುದಿಲ್ಲ, ಹಿಂದಿನ ಸೀಟಿನಲ್ಲಿ ಮಗಳ ಪಕ್ಕಕ್ಕೇ ಇಡುತ್ತೇವೆ. ಶ್ರಾವಣದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದಾಗ ಅದರ ಕಾಲಿಡುವ ಹಲಗೆ ಮಗಳ ಮೊಣಕಾಲಿಗೆ ಬಡಿದು ರಕ್ತ ಬಂತು. ಅವಳಿಗಿಂತ ಹೆಚ್ಚು ಅತ್ತದ್ದು ಅವ್ವ. ಕಾರು ಬದಲಿಸುವ ಮಾತು ಹುಟ್ಟಿದ್ದು ಅವತ್ತೇ.

ಅದಕ್ಕೆ ಇವತ್ತು ಅವ್ವನನ್ನೂ ಕುರ್ಚಿಯನ್ನೂ ಕರೆದುಕೊಂಡೇ ಎರಡೂ ಶೋರೂಮಿಗೆ ಹೋದೆವು. ಹೈಬ್ರಿಡ್‌ನ ಬ್ಯಾಟರಿ ಇರುವುದು ಡಿಕ್ಕಿಯ ಕೆಳಗೆ. ಹಾಗಾಗಿ ಜಾಗ 265 ಲೀಟರ್ ಮಾತ್ರ. ಹೈಬ್ರಿಡ್ ಅಲ್ಲದ ಗ್ರ್ಯಾಂಡ್ ವಿಟಾರಾದಲ್ಲಿ 373, ಕ್ರೆಟಾದಲ್ಲಿ 433. ಈ ಅಂಕಿಗಳನ್ನು ಎಷ್ಟೋ ಸಲ ಓದಿದ್ದೆ. ಹೈಬ್ರಿಡ್‌ನಲ್ಲಿ ಕುರ್ಚಿ ಮಡಚಿ ಅಡ್ಡ ಮಲಗಿಸಿದಾಗ ಅರ್ಥವಾಯಿತು. ತಳವೇ ಎತ್ತರ, ಹಿಡಿಕೆಯ ರಬ್ಬರು ಬಾಗಿಲಿಗೆ ತಾಗಿ ಲಾಕ್ ಬೀಳಲಿಲ್ಲ. ಕಾಲಿನ ಹಲಗೆ ಎರಡನ್ನೂ ಬಿಚ್ಚಿ ಇಟ್ಟರೆ ಬಾಗಿಲೇನೋ ಹಾಕಿತು, ಆದರೆ ಅವ್ವನ ಬಟ್ಟೆಯ ಚೀಲಕ್ಕೂ ಜಾಗ ಉಳಿಯಲಿಲ್ಲ.

"ಹಿಂದಿನ ಸೀಟು ಮಡಚಿದ್ರ ಆರಾಮ ಹಿಡೀತೈತ್ರಿ ಸರ್," ಅಂದ ಶೋರೂಮಿನ ಹುಡುಗ.

"ಮಡಚಿದ್ರ ಮಕ್ಕಳು ಎಲ್ಲಿ ಕುಂದ್ರಬೇಕಪಾ?" ಅಂದಳು ನನ್ನ ಹೆಂಡತಿ.

ಕ್ರೆಟಾದಲ್ಲಿ ಅದೇ ಕುರ್ಚಿ ಏನೂ ಬಿಚ್ಚದೆ ಒಳಗೆ ಹೋಯಿತು. ಪಕ್ಕದಲ್ಲಿ ಎರಡು ಚೀಲ, ನೀರಿನ ಕ್ಯಾನು. ಅವ್ವನನ್ನು ಮುಂದಿನ ಸೀಟಿಗೆ ಕೂರಿಸಿದೆವು. ಸೀಟು ಹೆಚ್ಚುಕಮ್ಮಿ ಕುರ್ಚಿಯ ಮಟ್ಟಕ್ಕೇ ಇದೆ. ಬಲಗೈ ಊರಿ ತಾನೇ ಸರಿದುಕೊಂಡಳು, ನಾನು ಬರೀ ಕಾಲು ಎತ್ತಿಟ್ಟೆ. "ಹತ್ತೂದಿಲ್ಲ, ಇಳಿಯೂದಿಲ್ಲ, ಸರದ್ರ ಆತು," ಅಂದಳು. ಎರಡು ವರ್ಷದಲ್ಲಿ ಅವಳು ಯಾರ ತೋಳಿಗೂ ಜೋತುಬೀಳದೆ ಕಾರಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

ದುಡ್ಡಿನ ಮಾತು. ಸೆಪ್ಟೆಂಬರ್ 22ರಿಂದ ಸೆಸ್ ಎಂಬ ಮೇಲ್ತೆರಿಗೆ ಹೋಗಿ ಈ ಕಾರುಗಳಿಗೆ ಜಿಎಸ್‌ಟಿ 40% ಆಗಿರುವುದರಿಂದ ಬೆಲೆ ಇಳಿದಿದೆ. ಆದರೆ ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆಯೇ 17%, ಅದರ ಮೇಲೆ ರಾಜ್ಯದ್ದೇ ಬೇರೆ ಸೆಸ್. ಎಲ್ಲ ಸೇರಿದ ಆನ್‌ರೋಡ್ ಲೆಕ್ಕ ನೋಡಿದಾಗ ಎದೆ ಧಸಕ್ಕೆಂದದ್ದು ನಿಜ. ಹೆಂಡತಿಯೂ ಓಡಿಸುವುದರಿಂದ ತಾನೇ ಗೇರ್ ಬದಲಿಸುವ ಆಟೋಮ್ಯಾಟಿಕ್ಕೇ ಬೇಕು, ಕ್ರೆಟಾ ಡೀಸೆಲ್‌ನಲ್ಲಿ ಅದರ ಮೈಲೇಜ್ ಲೀಟರಿಗೆ 19.1 ಕಿ.ಮೀ. ಹೈಬ್ರಿಡ್ಡಿಗೆ ಹೋಲಿಸಿದರೆ ಬಹಳ ಕಡಿಮೆ. ಇರಲಿ.

"ನನ್ನ ಸಲುವಾಗಿ ಸಾಲ ಮಾಡಬ್ಯಾಡೋ ತಮ್ಮಾ," ಅಂತ ಊಟಕ್ಕೆ ಕೂತಾಗ ಅವ್ವ ಎರಡು ಸಲ ಅಂದಳು. ಮಗಳು ಮೊಣಕಾಲಿನ ಕಲೆ ತೋರಿಸಿ, "ನನ್ನ ಸಲುವಾಗಿ ಅಜ್ಜಿ," ಅಂದಳು.

ನಾಳೆ ಕ್ರೆಟಾ ಬುಕಿಂಗ್. ಬಣ್ಣ ಬಿಳಿ, ಈ ಊರಿನ ಬಿಸಿಲಿಗೆ ಬೇರೆ ಬೇಡ. ದೀಪಾವಳಿ ಪಾಡ್ಯಕ್ಕೆ ಗಾಡಿ ಕೈಗೆ ಸಿಗುವುದು ಕಷ್ಟ ಅಂದಿದ್ದಾರೆ. ನವೆಂಬರಿನ ಆಸ್ಪತ್ರೆ ತಾರೀಖಿಗೆ ಬಂದರೆ ಸಾಕು.