ಹಿಮ ಬೀಳದ ಊರಿನ ಕ್ರಿಸ್ಮಸ್ ಚಿತ್ರಗಳು

ಶಿವಮೊಗ್ಗದಲ್ಲಿ ಹಾಕಿಕೊಂಡಿದ್ದ ಸ್ವೆಟರ್ ಮಂಗಳೂರಿನಲ್ಲಿ ಬಸ್ಸಿನಿಂದ ಇಳಿಯುವಷ್ಟರಲ್ಲಿ ಬ್ಯಾಗು ಸೇರಿತ್ತು. ಡಿಸೆಂಬರ್ ಮೂರನೇ ವಾರ, ಬೆಳಿಗ್ಗೆ ಒಂಬತ್ತಕ್ಕೇ ಬೆವರು. ಹಂಪನಕಟ್ಟೆಯ ಅಂಗಡಿಗಳ ಮುಂದೆ ಮಾತ್ರ ಬೇರೆಯೇ ಲೋಕ. ಥರ್ಮೊಕೋಲಿನ ಹಿಮಮಾನವ, ಹತ್ತಿಯ ಗಡ್ಡದ ಸಾಂತಾ, ತುದಿಗೆ ಬಿಳಿ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಮರಗಳು. ಕಾರ್ಡುಗಳ ತುಂಬ ಹಿಮದ ರಾಶಿ. ಈ ಊರಿನಲ್ಲಿ ಫ್ರಿಜ್ಜಿನ ಹೊರಗೆ ಹಿಮ ಕಂಡವರು ಯಾರಿದ್ದಾರೆ? ಈ ಚಳಿಗಾಲದ ಚಿತ್ರವನ್ನು ನಮಗೆ ಬಿಡಿಸಿಕೊಟ್ಟವರು ಯಾರು ಅನ್ನೋದು ಆಗಲೇ ತಲೆಗೆ ಹೊಕ್ಕಿತು. ಮುಂದಿನ ಸುತ್ತಾಟವೆಲ್ಲ ಅದರ ಹಿಂದೆಯೇ ಆಯಿತು.

ಮೊದಲು ಹೋಗಿದ್ದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ. ಹೊರಗಿನಿಂದ ನೋಡಿದರೆ ಹಳೇ ಕಾಲೇಜಿನ ಪಕ್ಕದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲ ಚಿತ್ರವೇ. ಕತ್ತು ನೋಯುವವರೆಗೂ ಮೇಲೆ ನೋಡುತ್ತಾ ನಿಂತೆ. ಫೋಟೊ ತೆಗೆಯುವ ಹಾಗಿಲ್ಲ. ಅದು ಒಳ್ಳೆಯದೇ. ಫೋನ್ ಜೇಬಿನಲ್ಲಿದ್ದರೆ ಜನ ನಿಜವಾಗಿಯೂ ನೋಡುತ್ತಾರೆ.

ಇದನ್ನೆಲ್ಲ ಬಿಡಿಸಿದವರು ಆಂಟೋನಿಯೊ ಮೊಸ್ಕೇನಿ. ಇಟಲಿಯ ಬರ್ಗಮೊ ಹತ್ತಿರದ ಸ್ಟೆಜ್ಜಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದವರು. ಬರ್ಗಮೊದ ಕಲಾಶಾಲೆಯಲ್ಲಿ ಕಲಿತು, ಆಮೇಲೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘ ಸೇರಿ ಬ್ರದರ್ ಆದವರು. 1899ರ ಹೊತ್ತಿಗೆ ಇಲ್ಲಿ ಕೆಲಸ ಹಿಡಿದರು. ಅದು ಮುಗಿಯಲು ಎರಡು ವರ್ಷಕ್ಕೂ ಜಾಸ್ತಿ ಬೇಕಾಯಿತು. ಬರ್ಗಮೊ ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದೆ. ಹಿಮ ಅಂದರೆ ಏನು ಅಂತ ಈ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೋಡೆಯ ಮೇಲಿರುವುದು ಫ್ರೆಸ್ಕೊ. ಸುಣ್ಣ, ಮರಳಿನ ಗಾರೆ ಬಳಿದು, ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವ ಕೆಲಸ. ಗಾರೆ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆ, ಬಣ್ಣವೂ ಅದರ ಜೊತೆಗೇ ಕೂತುಬಿಡುತ್ತದೆ. ಹಾಗಾಗಿ ಆ ದಿನ ಎಷ್ಟು ಬಿಡಿಸಲು ಆಗುತ್ತದೋ ಅಷ್ಟಗಲ ಮಾತ್ರ ಗಾರೆ ಬಳಿಯಬೇಕು. ಕೈ ತಪ್ಪಿತೋ, ಗಾರೆ ಕೆತ್ತಿ ತೆಗೆದು ಮೊದಲಿಂದ ಶುರು. ಅಟ್ಟಣಿಗೆಯ ಮೇಲೆ ನಿಂತು, ಕರಾವಳಿಯ ಈ ಸೆಕೆಯಲ್ಲಿ, ನಾಲ್ಕು ತಿಂಗಳು ಮಳೆ ಸುರಿಯುವ ಈ ತೇವದಲ್ಲಿ ಅವರು ಅದನ್ನು ಮಾಡಿದ್ದಾರೆ. ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಅಲ್ಲಿರುವುದು ಸಂತ ಅಲೋಶಿಯಸರ ಕತೆ: ಶ್ರೀಮಂತ ಮನೆತನದ ಹುಡುಗ, ಆಸ್ತಿ ಬಿಟ್ಟು ಸನ್ಯಾಸಿಯಾಗಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ 1591ರಲ್ಲಿ ತಾನೂ ತೀರಿಕೊಂಡದ್ದು. ಆಗ ಅವರಿಗೆ ಬರೀ 23 ವರ್ಷ. ತೇವದಿಂದ ಮಸುಕಾಗುತ್ತಿದ್ದ ಈ ಚಿತ್ರಗಳನ್ನು 1990ರ ದಶಕದ ಶುರುವಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಸರಿಮಾಡಿದರು.

ಯೇಸುವಿನ ಬದುಕಿನ ಚಿತ್ರಗಳೂ ಇವೆ, ಹುಟ್ಟಿನಿಂದ ಶಿಲುಬೆಯವರೆಗೆ. ನಾನು ಹುಡುಕಿಕೊಂಡು ಬಂದ ಹಿಮ ಮಾತ್ರ ಇಲ್ಲಿಲ್ಲ. ಇರಬೇಕಾಗಿಯೂ ಇಲ್ಲ, ಅಲ್ವಾ? ಬೈಬಲಿನಲ್ಲಿ ಆ ರಾತ್ರಿ ಚಳಿ ಇತ್ತು ಅಂತಲೂ ಇಲ್ಲ, ಡಿಸೆಂಬರ್ ಅಂತಲೂ ಇಲ್ಲ.

ಬೆತ್ಲೆಹೆಮಿನ ಮೇಲೆ ಹಿಮ ಸುರಿಸಿದವರು ಯುರೋಪಿನ ಉತ್ತರದ ಕಡೆಯ ಚಿತ್ರಕಾರರು. ಅವರಲ್ಲಿ ನನಗೆ ಇಷ್ಟವಾಗುವವರು ಪೀಟರ್ ಬ್ರೂಗೆಲ್. 1566ರಲ್ಲಿ ಅವರು ಬಿಡಿಸಿದ ಒಂದು ಚಿತ್ರದಲ್ಲಿ ಜನಗಣತಿಗೆಂದು ಮರಿಯ, ಜೋಸೆಫ್ ಬೆತ್ಲೆಹೆಮಿಗೆ ಬರುತ್ತಾರೆ. ಆ ಬೆತ್ಲೆಹೆಮ್ ಮಾತ್ರ ಪಕ್ಕಾ ಬೆಲ್ಜಿಯಂ ಕಡೆಯ ಹಳ್ಳಿ. ನೆಲ, ಮನೆಯ ಮಾಡು ಎಲ್ಲ ಬಿಳಿ. ಹೆಪ್ಪುಗಟ್ಟಿದ ನೀರಿನ ಮೇಲೆ ಮಕ್ಕಳ ಆಟ. ಒಂದು ಕಡೆ ಹಂದಿ ಕೊಯ್ಯುತ್ತಿದ್ದಾರೆ. ಈ ಗದ್ದಲದಲ್ಲಿ ಕತ್ತೆಯ ಮೇಲೆ ಕೂತ ಮರಿಯಳನ್ನು ಹುಡುಕಿಯೇ ಕಂಡುಹಿಡಿಯಬೇಕು. ಅದಕ್ಕೆ ಸ್ವಲ್ಪ ಮುಂಚೆ, 1564-65ರಲ್ಲಿ, ಆ ಕಡೆ ಭಯಂಕರ ಚಳಿ ಬಿದ್ದಿತ್ತು. ಬ್ರೂಗೆಲ್ ಕಣ್ಣಾರೆ ಕಂಡದ್ದನ್ನೇ ಬಿಡಿಸಿದರು. ದೇವರ ಕತೆಯನ್ನು ತಮ್ಮ ಊರಿಗೇ ಕರೆತಂದರು.

ಕಾರ್ಡಿನ ಕತೆ ಇನ್ನೂ ತಮಾಷೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ, ಜಾನ್ ಹಾರ್ಸ್ಲಿ ಬಿಡಿಸಿದ ಮೊದಲ ಕ್ರಿಸ್ಮಸ್ ಕಾರ್ಡಿನಲ್ಲಿ ಹಿಮ ಇಲ್ಲವೇ ಇಲ್ಲ. ಒಂದು ಕುಟುಂಬ ಊಟದ ಮೇಜಿನ ಸುತ್ತ ವೈನ್ ಕುಡಿಯುತ್ತಾ ಕೂತಿದೆ, ಅಷ್ಟೇ. ಮಕ್ಕಳ ಕೈಗೂ ಲೋಟ ಕೊಟ್ಟಿದ್ದಕ್ಕೆ ಆಗ ಬೈದವರಿದ್ದರು. ಹಿಮ ಆಮೇಲೆ ಕಾರ್ಡಿನ ವ್ಯಾಪಾರದ ಜೊತೆ ಸೇರಿಕೊಂಡಿತು. ದಪ್ಪ ಹೊಟ್ಟೆಯ ಸಾಂತಾನ ರೂಪ ಅಮೆರಿಕದ ಥಾಮಸ್ ನಾಸ್ಟ್ 1863ರಿಂದ ಪತ್ರಿಕೆಗೆ ಬಿಡಿಸುತ್ತಾ ಬಂದಿದ್ದು. ಅದಕ್ಕೆ ಈಗಿನ ಕೆಂಪು ಕೆನ್ನೆಯ ಅಜ್ಜನ ಮುಖ ಅಂಟಿಸಿದ್ದರಲ್ಲಿ 1931ರಿಂದ ಬಂದ ಕೋಕಾ ಕೋಲಾ ಜಾಹೀರಾತುಗಳ ಪಾಲು ದೊಡ್ಡದು. ಹಂಪನಕಟ್ಟೆಯ ಅಂಗಡಿಯಲ್ಲಿ ನೇತಾಡುತ್ತಿರುವುದು ಅದೇ ಅಜ್ಜ.

ಸಂಜೆ ಬೆಂದೂರಿನಲ್ಲಿರುವ ಗೆಳತಿಯ ಮನೆಗೆ ಹೋದೆ. "ಬನ್ನಿ ಮಾರಾಯ್ರೆ, ಬಿಸಿಲಿಗೆ ಎಂತಕ್ಕೆ ತಿರುಗುದು?" ಅಂತ ಅವಳ ಅಮ್ಮ ತಟ್ಟೆ ಮುಂದಿಟ್ಟರು. ಕುಸ್ವಾರಿನ, ಅಂದರೆ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳ, ಕೆಲಸ ಅರ್ಧ ಮುಗಿದಿತ್ತು. ಎಳ್ಳು, ಬೆಲ್ಲ ತುಂಬಿದ ನೆವ್ರಿ, ಫೋರ್ಕಿನ ಹಿಂಬದಿಯಲ್ಲಿ ಒತ್ತಿ ಸುರುಳಿ ಮಾಡಿದ ಕಿಡಿಯೊ, ಅಚ್ಚಿನಲ್ಲಿ ಕರಿದ ಗುಲಾಬಿ ಹೂವಿನಂಥ ಕುರುಕಲು. ಕೇಕ್ ಮುಟ್ಟುವ ಹಾಗಿರಲಿಲ್ಲ. ಅದು ಹಬ್ಬಕ್ಕೇ ಅಂತೆ.

ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ, ಕಟ್ಟುತ್ತಿದ್ದರು. ಕ್ರಿಸ್ಮಸ್ಸಿನ ಚಿತ್ರಗಳಲ್ಲೆಲ್ಲ ನನಗೆ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಇದನ್ನು ಮಾಡಲು ಚಿತ್ರಕಾರ ಆಗಿರಬೇಕಿಲ್ಲ. ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಆ ರಾತ್ರಿಯನ್ನು ತೋರಿಸಿದರಂತೆ. ಅದರ ಚಿತ್ರ ಅಸಿಸಿಯ ಚರ್ಚಿನ ಗೋಡೆಯಲ್ಲಿದೆ, ಅದೂ ಫ್ರೆಸ್ಕೊ. ಮುಂದೆ ನೇಪಲ್ಸಿನವರು ಗೋದಲಿಯೊಳಗೆ ತಮ್ಮ ಊರಿನ ಮಾರ್ಕೆಟ್ಟನ್ನೇ ತುಂಬಿದರು: ಮೀನು ಮಾರುವವರು, ಹಣ್ಣಿನವರು, ಹೋಟೆಲಿನವರು.

ಬೆಂದೂರಿನ ಗೋದಲಿಯಲ್ಲೂ ಅದೇ ಆಗಿತ್ತು. ಹಂಚಿನ ಮಾಡಿನ ಕೊಟ್ಟಿಗೆ, ಬೈಹುಲ್ಲು, ಒಂದು ಬಾವಿ, ಕೆರೆಗೆ ಕನ್ನಡಿಯ ಚೂರು. ತೆಂಗಿನ ಮರ ಹತ್ತುತ್ತಿರುವ ಒಂದು ಬೊಂಬೆ. ಗದ್ದೆಗೆ ಗೆರಟೆಗಳಲ್ಲಿ ಮೊಳಕೆ ಬರಿಸಿದ ರಾಗಿ, ಹಚ್ಚ ಹಸಿರು. ಕೊಟ್ಟಿಗೆಯ ಮಾಡಿನ ಮೇಲೆ ಮಾತ್ರ ಹತ್ತಿಯ ಹಿಮ.

"ಹತ್ತಿ ಎಂತಕ್ಕೆ ಆಂಟಿ? ಗದ್ದೆಯಲ್ಲಿ ಪೈರು ಉಂಟಲ್ಲ?" ಅಂತ ಅವರ ಧಾಟಿಯಲ್ಲೇ ಕೇಳಿದೆ.

"ಮಕ್ಕಳಿಗೆ ಬೇಕು," ಅಂದರು. "ನನಗೂ ಬೇಕು. ಹತ್ತಿ ಇಲ್ಲದಿದ್ರೆ ಅದು ಕ್ರಿಸ್ಮಸ್ ಅಂತ ಕಾಣುದಿಲ್ಲ."

ವಾದ ಮಾಡಲಿಲ್ಲ. ನನ್ನ ಮಟ್ಟಿಗೆ ಆ ಹತ್ತಿ ತೆಗೆದರೆ ಗೋದಲಿ ಇನ್ನೂ ಚೆಂದ. ಬ್ರೂಗೆಲ್ ತಮ್ಮ ಹಳ್ಳಿಯ ಹಿಮ ಹಾಕಿದ ಹಾಗೆ ನಾವು ನಮ್ಮ ಹಂಚು, ಗದ್ದೆ, ತೆಂಗು ಹಾಕಿದರೆ ಕತೆಗೆ ಏನೂ ಊನ ಆಗುವುದಿಲ್ಲ. ಗೋವಾದ ಆಂಜೆಲೊ ದ ಫೊನ್ಸೆಕಾ ಹಾಗೇ ಮಾಡಿದರು. 1902ರಲ್ಲಿ ಹುಟ್ಟಿದ ಅವರು ಮರಿಯಳಿಗೆ ಸೀರೆ ಉಡಿಸಿ, ನಮ್ಮ ಹೆಂಗಸರ ಮೈಬಣ್ಣ ಕೊಟ್ಟು ಬಿಡಿಸಿದರು. ಅವರ ಊರಿನಲ್ಲೇ ಅದನ್ನು ಒಪ್ಪದವರು ಇದ್ದರು. ಕೊನೆಗೆ ಪುಣೆಗೆ ಹೋಗಿ ಕೆಲಸ ಮಾಡಿದರು.

ಮರುದಿನ ಉಡುಪಿ. ಇಲ್ಲಿ ಚಳಿಗಾಲಕ್ಕೆ ಬೇರೆ ಲೆಕ್ಕ. ಧನುರ್ಮಾಸ ಶುರುವಾಗಿತ್ತು. ಕೃಷ್ಣಮಠದಲ್ಲಿ ನಸುಕಿಗೇ ಪೂಜೆ, ಹುಗ್ಗಿಯ ನೈವೇದ್ಯ. ಜನವರಿಯಲ್ಲಿ ಮಕರ ಸಂಕ್ರಾಂತಿಯ ತೇರು, ಎರಡು ವರ್ಷಕ್ಕೊಮ್ಮೆ 18ರ ನಸುಕಿಗೆ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ. ಸುತ್ತಲಿನ ಹಳ್ಳಿಗಳಲ್ಲಿ ಕಂಬಳ, ರಾತ್ರಿಯಿಡೀ ಯಕ್ಷಗಾನ. ಮಳೆ ನಿಂತು ಕೊಯ್ಲು ಮುಗಿದ ಮೇಲೆಯೇ ಇದೆಲ್ಲ ಸಾಧ್ಯ. ನಮ್ಮ ಕರಾವಳಿಯ ಚಳಿಗಾಲದ ಹಬ್ಬ ಅಂದರೆ ಹೊರಗೆ ಬಯಲಲ್ಲಿ ಸೇರುವುದು. ಯುರೋಪಿನವರದು ಒಳಗೆ ಬೆಂಕಿಯ ಸುತ್ತ ಸೇರುವುದು.

ಈ ಬಯಲಿನ ಗದ್ದಲವನ್ನು ಗೆರೆಗೆ ಇಳಿಸಿದವರು ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಯುರೋಪಿನ ರೀತಿ ಕಲಿತರು, ಪ್ಯಾರಿಸ್ಸಿಗೂ ಹೋಗಿಬಂದರು. ಅಷ್ಟಾದರೂ ಅವರ ಕೈ ಹುಡುಕಿದ್ದು ಜೈನ ಹಸ್ತಪ್ರತಿಗಳ ಗೆರೆಯನ್ನು, ಅಜಂತಾದ ಬಣ್ಣವನ್ನು, ಬಾಲ್ಯದಲ್ಲಿ ಕಂಡ ಯಕ್ಷಗಾನವನ್ನು. ಗೆರೆಗೆ ಲಯ ಬೇಕೆಂದು ಕಥಕ್ ಕಲಿತ ಚಿತ್ರಕಾರ ಇವರು! ಕೈ ಎತ್ತದೆ ಎಳೆದಂಥ ಅವರ ರೇಖೆಗಳಲ್ಲಿ ಕುಣಿಯುವವರ ಕಾಲು ನೆಲಕ್ಕೆ ತಾಗುವುದೇ ಇಲ್ಲ. ಹಿಮದ ಕಾರ್ಡುಗಳನ್ನು ನೋಡಿ ನೋಡಿ ಬೇಜಾರಾದವರು ಸುಮ್ನೆ ಒಂದು ಗಂಟೆ ಈ ಗೆರೆಗಳ ಮುಂದೆ ನಿಲ್ಲಬೇಕು.

ಹೋಗುವವರಿಗೆ ಒಂದು ಮಾತು. ಗೋದಲಿ ನೋಡಬೇಕಿದ್ದರೆ ನನ್ನ ಹಾಗೆ ಮೂರನೇ ವಾರಕ್ಕೆ ಹೋದರೆ ಕಟ್ಟುವುದನ್ನು ನೋಡಬಹುದು, ಬಾಲಯೇಸುವಿನ ಜಾಗ ಖಾಲಿ ಇರುತ್ತದೆ. 24ರ ರಾತ್ರಿಯ ಪೂಜೆಯ ನಂತರ ಹೋದರೆ ಪೂರ್ತಿ ಸಿಗುತ್ತದೆ, ಜನವರಿ ಮೊದಲ ವಾರದವರೆಗೂ ಇಟ್ಟಿರುತ್ತಾರೆ. ಚಾಪೆಲ್‌ಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಆ ಗುಡ್ಡೆ ಹತ್ತುವುದು ಬೇಡ.