ಓವರಾಯಿಲಿಂಗ್

ಆಯುಧಪೂಜೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಒಂದು ಶನಿವಾರ ಬೆಳಿಗ್ಗೆ, ಅಪ್ಪನ ಸೈಕಲ್ಲನ್ನು ಅಂಗಳದಲ್ಲಿ ಗೋಣಿಚೀಲ ಹಾಸಿ ತಲೆಕೆಳಗಾಗಿ ನಿಲ್ಲಿಸಿದೆ. ಕಪ್ಪು ಬಣ್ಣದ, ಕಂಬಿ ಬ್ರೇಕಿನ, 28 ಇಂಚಿನ ಚಕ್ರಗಳ ಹಳೆಯ ಮಾದರಿಯ ಸೈಕಲ್ಲದು. ಒಂದು ತಿಂಗಳಿನಿಂದ ಎಡಗಾಲು ತುಳಿದಾಗಲೆಲ್ಲ ಅದರಿಂದ ‘ಟಕ್’ ಎಂಬ ಸದ್ದು ಬರುತ್ತಿತ್ತು. ಮೈಸೂರಿನ ನಮ್ಮ ಬೀದಿಯ ತಿರುವಿನಲ್ಲಿದ್ದ ಸೈಕಲ್ ಶಾಪು ಮುಚ್ಚಿ, ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದು ಆರು ವರ್ಷವಾಗಿರುವುದರಿಂದ, ಈ ಬಾರಿ ಪೂರ್ತಿ ಬಿಚ್ಚಿ ಜೋಡಿಸುವ ಕೆಲಸವನ್ನು ನಾನೇ ಮಾಡುವುದೆಂದು ತೀರ್ಮಾನಿಸಿದ್ದೆ.

ಆ ಶಾಪಿನ ಗೋಡೆಯ ಮೇಲೆ ‘ಓವರಾಯಿಲಿಂಗ್ ಮಾಡಲಾಗುವುದು’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಸೈಕಲ್ಲಿಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚುವುದೇ ಓವರಾಯಿಲಿಂಗ್ ಎಂದು ನಾನು ಬಾಲ್ಯದಲ್ಲಿ ನಂಬಿದ್ದೆ. ಅದು ಓವರ್‌ಹಾಲಿಂಗ್ ಎಂಬ ಮಾತು ಜನರ ಬಾಯಲ್ಲಿ ಪಡೆದ ರೂಪವೆಂದೂ, ಎಣ್ಣೆಗೂ ಅದಕ್ಕೂ ನೇರ ಸಂಬಂಧವಿಲ್ಲವೆಂದೂ ಕಾಲೇಜಿಗೆ ಬಂದ ಮೇಲೆ ತಿಳಿಯಿತು. ತಿಳಿದದ್ದು ತಲೆಗೆ ಮಾತ್ರ. ಕೈ ಇನ್ನೂ ಹಳೆಯ ಅರ್ಥವನ್ನೇ ಹಿಡಿದುಕೊಂಡಿತ್ತೆಂಬುದು ಆ ಮೂರು ದಿನಗಳಲ್ಲಿ ಗೊತ್ತಾಯಿತು.

ಮನೆಯಲ್ಲಿ ಮೊದಲೇ ಇದ್ದ ಸಾಮಾನು ಹೆಚ್ಚಿನದಲ್ಲ. ಅಪ್ಪನ ತಗಡಿನ ಡಬ್ಬಿಯಲ್ಲಿ, ಎರಡೂ ತುದಿಯ ಗುಂಡುಗಳಲ್ಲಿ ಬೇರೆ ಬೇರೆ ಅಳತೆಯ ತೂತುಗಳಿರುವ ಡಂಬೆಲ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ, ತಳವನ್ನು ಒತ್ತಿದರೆ ಟಕಟಕ ಸದ್ದು ಮಾಡುತ್ತ ಹನಿ ಬಿಡುವ ಉದ್ದ ಮೂಗಿನ ಎಣ್ಣೆಡಬ್ಬಿ. ಡಂಬೆಲ್ ಸ್ಪ್ಯಾನರ್ ಎಲ್ಲ ನಟ್ಟಿಗೂ ಹೊಂದುತ್ತದೆ, ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ನಟ್ಟಿನ ಮೂಲೆಗಳನ್ನು ಸವೆಸಿ ದುಂಡಗಾಗಿಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಹೀಗಾಗಿ ಒಂದು ಸೆಟ್ ರಿಂಗ್ ಸ್ಪ್ಯಾನರ್, ಚಕ್ರದ ನಡುವಿನ ಗುಂಬವಾದ ಹಬ್ಬಿನ ಒಳಗುಂಡುಗಳನ್ನು ಒತ್ತಿಹಿಡಿಯುವ ಕೋನು ತಿರುಗಿಸಲು ತೆಳ್ಳಗಿನ ಸ್ಪ್ಯಾನರ್, ಪೆಡಲ್ಲಿಗೆ 15 ಮಿ.ಮೀ. ಸ್ಪ್ಯಾನರ್, ಒಂದು ಡಬ್ಬಿ ಲಿಥಿಯಂ ಗ್ರೀಸು ಮತ್ತು ಹೊಲಿಗೆ ಯಂತ್ರದ ಎಣ್ಣೆಯ ಸಣ್ಣ ಸೀಸೆಯನ್ನು ಕೊಂಡು ತಂದಿದ್ದೆ. ಬಿಡಿಭಾಗ ತೊಳೆಯಲು ಹಿಂದೆ ಸೀಮೆಎಣ್ಣೆ ಇರುತ್ತಿತ್ತು. ಅದೀಗ ನಮ್ಮ ಮನೆಗೆ ಬರುವುದು ನಿಂತಿರುವುದರಿಂದ ಬಂಕಿನಿಂದ ಅರ್ಧ ಲೀಟರ್ ಡೀಸೆಲ್ ತರಬೇಕಾಯಿತು.

ಮೊದಲು ಚೈನು. ಅದರ ಲಾಕಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ಚೈನನ್ನು ನೆಲದ ಮೇಲೆ ಎಳೆದು ಹಾಸಿ, ಉಕ್ಕಿನ ಅಳತೆಪಟ್ಟಿಯನ್ನಿಟ್ಟು ನೋಡಿದೆ. ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ 24 ಗಂಟುಗಳಿಗೆ ಸರಿಯಾಗಿ 12 ಇಂಚು ಬರಬೇಕು. ಹದಿನಾರನೇ ಒಂದು ಇಂಚು ಹೆಚ್ಚು ಬಂದರೆ ಚೈನು ಬದಲಿಸುವ ಹೊತ್ತು ಬಂತೆಂದೂ, ಎಂಟನೇ ಒಂದು ಇಂಚು ಹೆಚ್ಚಾದರೆ ಅದು ಅಷ್ಟರಲ್ಲಾಗಲೇ ಹಲ್ಲುಚಕ್ರವನ್ನೂ ತಿಂದಿರುತ್ತದೆಂದೂ ಲೆಕ್ಕ. ನಮ್ಮದು ಇಷ್ಟು ವರ್ಷವಾದರೂ ಹದಿನಾರನೇ ಒಂದಕ್ಕಿಂತ ಕಡಿಮೆಯೇ ಇತ್ತು. ಇದರ ಶ್ರೇಯಸ್ಸು ಅಪ್ಪನ ಎಣ್ಣೆಗಲ್ಲ, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರಿಗೆ ಸಲ್ಲಬೇಕು. ಧೂಳು ಒಳಗೆ ಹೋಗದಿದ್ದರೆ ಚೈನು ಎಷ್ಟೋ ಅಪಚಾರಗಳನ್ನು ತಡೆದುಕೊಳ್ಳುತ್ತದೆ. ಅಪ್ಪ ಒಮ್ಮೆ ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುವ ಎಣ್ಣೆ ಅದು; ಮಾರ್ಗಶಿರದ ಚಳಿಯ ಬೆಳಗಿನಲ್ಲಿ ಸೀಸೆಯೊಳಗೆ ಹೇಗೋ ಚೈನಿನೊಳಗೂ ಹಾಗೆಯೇ ಹೆಪ್ಪುಗಟ್ಟಿ, ಬರುಬರುತ್ತಾ ಅಂಟಾಗಿ ಕುಳಿತಿತ್ತು.

ಚೈನು ಸವೆಯುವುದು ನಮಗೆ ಕಾಣುವ ಹೊರಮೈಯಲ್ಲಲ್ಲ, ಪಿನ್ನು ತಿರುಗುವ ಒಳಸಂಧಿಯಲ್ಲಿ. ಎಣ್ಣೆ ಬೇಕಾಗಿರುವುದೂ ಅಲ್ಲಿಯೇ. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು, ಸಾಣೆಕಲ್ಲಿನ ಪುಡಿಯಂತೆ ಉಕ್ಕನ್ನು ಉಜ್ಜುವ ಕಪ್ಪು ಲೇಪವಾಗುತ್ತದೆ. ನಾನು ಚೈನನ್ನು ಡೀಸೆಲ್ಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ, ಅದರ 112 ಗಂಟುಗಳಿಗೂ ಒಂದೊಂದು ಹನಿ ಬಿಟ್ಟು, ಅರ್ಧ ಗಂಟೆ ಬಿಟ್ಟು ಹೊರಮೈಯನ್ನು ಬನಿಯನ್ ಬಟ್ಟೆಯಿಂದ ಒರೆಸಿದೆ. ಈ ಒಂದು ಕೆಲಸವನ್ನು ಮಾತ್ರ ಅಂದು ತಪ್ಪಿಲ್ಲದೆ ಮಾಡಿದೆನೆಂದು ಹೇಳಬಹುದು.

ಪೆಡಲ್ಲಿನಲ್ಲಿ ಬೆರಳಿನ ಗೆಣ್ಣು ಕಿತ್ತುಹೋಯಿತು. ಎಡಗಡೆಯ ಪೆಡಲ್ಲಿಗೆ ಉಲ್ಟಾ ಮರೆ (ಸ್ಕ್ರೂವಿನ ಸುರುಳಿಗೆರೆ), ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ ಎಂಬುದನ್ನು ಓದಿ ತಿಳಿದಿದ್ದೆ. ಆದರೆ ಸೈಕಲ್ಲು ತಲೆಕೆಳಗಾಗಿ ನಿಂತಾಗ ಎಡ ಯಾವುದು, ಬಲ ಯಾವುದು ಎಂಬಲ್ಲಿಯೇ ಎಡವಿದೆ. ಬಿಗಿಯಾಗುವ ದಿಕ್ಕಿಗೇ ಮೈಯ ಭಾರವನ್ನೆಲ್ಲ ಹಾಕಿದಾಗ ಸ್ಪ್ಯಾನರ್ ಜಾರಿತು.

‘ಟಕ್’ ಸದ್ದಿನ ಮೂಲ, ಪೆಡಲ್ಲಿನ ತೋಳಾದ ಕ್ರ್ಯಾಂಕನ್ನು ನಡುವಿನ ಆಕ್ಸಲಿಗೆ (ಅಚ್ಚಿಗೆ) ಹಿಡಿದಿಡುವ ಕಾಟರ್ ಪಿನ್ನು. ಒಂದು ಮೈ ಓರೆಯಾಗಿ ಚಪ್ಪಟೆಯಿರುವ ಈ ಗೂಟವನ್ನು ಬೆಣೆಯಂತೆ ಬಡಿದು ಕೂರಿಸಿ, ಕೆಳಗಡೆ ನಟ್ಟು ಹಾಕಿರುತ್ತಾರೆ. ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಕಾದು, ನಟ್ಟನ್ನು ಪೂರ್ತಿ ಕಳಚಿ, ಪಿನ್ನಿನ ಮರೆಯ ತುದಿಗೆ ಸುತ್ತಿಗೆಯಿಂದ ಮೆಲ್ಲನೆ ಇಪ್ಪತ್ತು ಮೂವತ್ತು ಪೆಟ್ಟು ಕೊಟ್ಟೆ. ಪಿನ್ನು ಕದಲಲಿಲ್ಲ, ಅದರ ತುದಿ ನಾಯಿಕೊಡೆಯಂತೆ ಅರಳಿ, ಇನ್ನು ತೂತಿನಲ್ಲಿ ನುಸುಳುವುದೇ ಇಲ್ಲವೆಂಬಂತಾಯಿತು.

ಸಂಜೆ, ಹಳೆಯ ಶಾಪಿನ ಮೇಸ್ತ್ರಿಗಳನ್ನು ಹುಡುಕಿಕೊಂಡು ಎರಡು ಬೀದಿ ಆಚೆಗೆ ಹೋದೆ. ಈಗ ಮಗನ ಮನೆಯಲ್ಲಿದ್ದಾರೆ. ಅಪ್ಪನ ಸೈಕಲ್ಲೆಂದ ಕೂಡಲೇ ಶರಟು ಹಾಕಿಕೊಂಡು ಹೊರಟರು. ಪಿನ್ನನ್ನು ನೋಡಿ ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

“ಮೆತ್ತಗೆ ಹೊಡೆದಿದ್ದೀಯಲ್ಲಪ್ಪಾ, ಅದಕ್ಕೇ ಕೆಟ್ಟಿದ್ದು” ಎಂದರು.

ಅರಳಿದ ತುದಿಯನ್ನು ಅರದಿಂದ ಉಜ್ಜಿ ತೆಗೆದು, ಕ್ರ್ಯಾಂಕಿನ ಕೆಳಗೆ ನೆಲದಿಂದ ಒಂದು ಕಬ್ಬಿಣದ ಪೈಪನ್ನು ನಿಲ್ಲಿಸಿ ಊರುಗೋಲು ಕೊಟ್ಟರು. ಹಾಗೆ ಆಧಾರವಿಲ್ಲದಿದ್ದರೆ ಪೆಟ್ಟಿನ ಬಲವೆಲ್ಲ ಒಳಗಿನ ಬೇರಿಂಗ್ ಗುಂಡುಗಳ ಮೇಲೆ ಬಿದ್ದು, ಅವು ಕೂರುವ ಬಟ್ಟಲಿನಲ್ಲಿ, ಅಂದರೆ ಕಪ್ಪಿನಲ್ಲಿ, ಗುಳಿ ಬೀಳುತ್ತದೆಯಂತೆ. ನಂತರ ಭಾರವಾದ ಸುತ್ತಿಗೆಯಿಂದ ಒಂದೇ ಪೆಟ್ಟು, ಪಿನ್ನು ಹೊರಬಂತು. ಬಲಗಡೆಯದನ್ನು ನನ್ನಿಂದಲೇ ತೆಗೆಸಿದರು. ಅದಕ್ಕೆ ನಟ್ಟನ್ನು ಕಳಚದೆ ಮರೆಯ ತುದಿಗೆ ಸಮನಾಗುವಷ್ಟು ಮಾತ್ರ ಸಡಿಲಿಸಿ ಹೊಡೆಯಬೇಕೆಂದರು. ನಟ್ಟು ಪೆಟ್ಟನ್ನು ತಾನು ತಿಂದು ಮರೆಯನ್ನು ಉಳಿಸುತ್ತದೆ.

ಅವರು ಹೋದ ಮೇಲೆ ಎಡಗಡೆಯ ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕಿನ ಆಕ್ಸಲು ತಿರುಗುವ ಜಾಗ) ಕಪ್ಪನ್ನು ಬಿಚ್ಚುವಾಗ, ಕೆಳಗೆ ತಟ್ಟೆಯಿಡಲು ಮರೆತೆ. ಕಾಲಿಂಚಿನ ಗುಂಡುಗಳು, ಒಂದು ಬದಿಗೆ 11ರಂತೆ 22, ಕಲ್ಲುಚಪ್ಪಡಿಯ ಮೇಲೆ ಹರಳು ಸುರಿದಂತೆ ಸದ್ದು ಮಾಡುತ್ತಾ ತುಳಸಿಕಟ್ಟೆಯತ್ತ ಓಡಿದವು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಚರಂಡಿಯ ಬಾಯಿಯವರೆಗೆ ಎಳೆದಾಡಿ 21ನ್ನು ಹಿಡಿದೆ. ಕಳೆದ ಒಂದಕ್ಕೆ ಒಂದನ್ನೇ ಕೊಂಡು ಹಾಕುವುದು ತಪ್ಪು: ಸವೆದ ಗುಂಡುಗಳ ನಡುವೆ ಹೊಸದೊಂದೇ ಕೂದಲೆಳೆಯಷ್ಟು ದಪ್ಪವಿದ್ದು ಭಾರವನ್ನೆಲ್ಲ ಹೊರುತ್ತದೆ. ಭಾನುವಾರ ಬೆಳಿಗ್ಗೆ 22 ಹೊಸ ಗುಂಡುಗಳನ್ನೂ ಎರಡು ಕಾಟರ್ ಪಿನ್ನುಗಳನ್ನೂ ತಂದೆ. ಕಪ್ಪಿನೊಳಗೆ ಗ್ರೀಸನ್ನು ದಪ್ಪಗೆ ಬಳಿದು, ಒಂದೊಂದೇ ಗುಂಡನ್ನು ಚಿಮುಟದಿಂದ ಅದರಲ್ಲಿ ನೆಟ್ಟಾಗ, ಕಪ್ಪನ್ನು ಬೋರಲು ಹಾಕಿದರೂ ಒಂದೂ ಬೀಳಲಿಲ್ಲ. ಆಕ್ಸಲು ಆಡಲೂ ಬಾರದು, ಬಿಗಿಯಾಗಿ ಗರಗರ ಎನ್ನಲೂ ಬಾರದು. ಅದರ ನಡುವಿನ ಹದಕ್ಕೆ ಕಪ್ಪನ್ನು ನಿಲ್ಲಿಸಿ, ಅದು ಕದಲದಂತೆ ಲಾಕ್ ರಿಂಗು ಬಿಗಿಯಲು ಒಂದು ಗಂಟೆ ಹಿಡಿಯಿತು.

ಗ್ರೀಸಿನ ಈ ಗುಣ ನನಗೆ ಎಷ್ಟು ಹಿಡಿಸಿತೆಂದರೆ, ಚಕ್ರಗಳ ಹಬ್ಬುಗಳ ಕೆಲಸ ಮುಗಿದ ಮೇಲೆ ಹಿಂದಿನ ಚಕ್ರದ ಹಲ್ಲುಚಕ್ರವಾದ ಫ್ರೀವೀಲಿಗೂ ಅದೇ ಉಪಚಾರ ಮಾಡಿದೆ. ಸೂಜಿ ತೆಗೆದ ದಪ್ಪ ಸಿರಿಂಜಿಗೆ ಗ್ರೀಸು ತುಂಬಿ, ಫ್ರೀವೀಲಿನ ಸಂಧಿಗೆ ಒತ್ತೊತ್ತಿ ಇಳಿಸಿದೆ. ಚಕ್ರ ತಿರುಗಿಸಿದರೆ ಎಂದಿನ ಟಿಕಟಿಕ ಸದ್ದೇ ಇಲ್ಲ! ಕೆಲಸ ಇಷ್ಟು ನುಣುಪಾಯಿತಲ್ಲ ಎಂದು ಹಿಗ್ಗಿ ಮನೆಯವರನ್ನೆಲ್ಲ ಕರೆದು ಆ ಮೌನವನ್ನು ಕೇಳಿಸಿದೆ.

ಸೋಮವಾರ ಬೆಳಿಗ್ಗೆ ಲಲಿತ ಮಹಲ್ ರಸ್ತೆಯ ಏರಿನಲ್ಲಿ, ಸೀಟಿನಿಂದ ಎದ್ದು ನಿಂತು ತುಳಿಯುವಾಗ ಪೆಡಲ್ಲು ಇದ್ದಕ್ಕಿದ್ದಂತೆ ಗಾಳಿಯನ್ನು ತುಳಿದಂತೆ ಸುತ್ತಿಹೋಯಿತು. ಎದೆ ಹ್ಯಾಂಡಲ್ಲಿಗೆ ಬಡಿಯಿತು. ಬ್ರೇಕು ಒತ್ತಿದರೆ, ಕಡ್ಡಿಗಳ ತುಕ್ಕಿಗೆಂದು ಹೊಡೆದಿದ್ದ ಸ್ಪ್ರೇ ರಿಮ್ಮಿಗೂ ಸಿಡಿದಿದ್ದರಿಂದ ಅದೂ ಹಿಡಿಯದೆ ಸೈಕಲ್ಲು ಹಿಂದಕ್ಕೆ ಜಾರತೊಡಗಿ, ಕಾಲೂರಿ ನಿಲ್ಲಿಸಬೇಕಾಯಿತು. ದಸರೆ ನೋಡಲು ಬಂದಿದ್ದ ಯಾರದೋ ಕಾರು ಹಿಂದಿನಿಂದ ಬಿಡದೆ ಹಾರ್ನು ಮಾಡುತ್ತಿತ್ತು.

ಫ್ರೀವೀಲಿನೊಳಗೆ ಪುಟ್ಟ ಉಕ್ಕಿನ ನಾಲಿಗೆಗಳಿರುತ್ತವೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗು ಅವನ್ನು ಮೇಲೆತ್ತಿ ಹೊರಬಳೆಯ ಹಲ್ಲುಗಳಿಗೆ ಒತ್ತಿ ಹಿಡಿಯುತ್ತದೆ. ತುಳಿದಾಗ ಆ ನಾಲಿಗೆಗಳು ಹಲ್ಲಿಗೆ ಸಿಕ್ಕಿಕೊಂಡು ಚಕ್ರವನ್ನು ತಿರುಗಿಸುತ್ತವೆ, ತುಳಿಯದಿದ್ದಾಗ ಹಲ್ಲಿನಿಂದ ಹಲ್ಲಿಗೆ ಜಾರುತ್ತವೆ. ಟಿಕಟಿಕ ಎನ್ನುವುದು ಆ ಜಾರುವಿಕೆಯ ಸದ್ದು. ಗ್ರೀಸಿನ ಅಂಟಿಗೆ ಮಡಚಿ ಕುಳಿತ ನಾಲಿಗೆಯನ್ನು ಎತ್ತುವ ಶಕ್ತಿ ಆ ಸ್ಪ್ರಿಂಗಿಗಿಲ್ಲ. ನಾನು ಮನೆಯವರಿಗೆಲ್ಲ ಕೇಳಿಸಿದ್ದ ಮೌನ, ನಾಲಿಗೆಗಳು ಹಲ್ಲನ್ನು ಮುಟ್ಟುತ್ತಿಲ್ಲವೆಂಬ ಸೂಚನೆಯಾಗಿತ್ತು.

ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದು, ಹಿಂದಿನ ಚಕ್ರವನ್ನು ಕಳಚಿ ಮಲಗಿಸಿ, ಫ್ರೀವೀಲಿನ ಸಂಧಿಗೆ ಡೀಸೆಲ್ ಸುರಿದು ತಿರುಗಿಸುತ್ತಾ ಹೋದೆ. ಮೊದಲ ಸಲ ಬೆಣ್ಣೆಯಂತೆ, ಎರಡನೆಯ ಸಲ ಗಂಜಿಯಂತೆ ಇಳಿದದ್ದು, ಐದನೆಯ ಸಲಕ್ಕೆ ತಿಳಿಯಾಯಿತು. ರಾತ್ರಿಯೆಲ್ಲ ಹಳೆಯ ಪತ್ರಿಕೆಯ ಮೇಲೆ ಬಸಿಯಲು ಬಿಟ್ಟು, ಬೆಳಿಗ್ಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಐದೇ ಹನಿ ಬಿಟ್ಟೆ. ತಿರುಗಿಸಿದಾಗ ಮೊದಲು ಒಂದೆರಡು ಹಲ್ಲಿನಲ್ಲಿ ತಡವರಿಸಿ, ಆಮೇಲೆ ಟಿಕಟಿಕ ಬಿಡದೆ ಕೇಳಿತು. ರಿಮ್ಮನ್ನೂ ಬ್ರೇಕಿನ ರಬ್ಬರನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ರಬ್ಬರಿನ ಮೇಲ್ಪದರವನ್ನು ಉಪ್ಪುಕಾಗದದಿಂದ ಉಜ್ಜಿದೆ. ಚೈನು ಹಾಕುವಾಗ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೇ ಇರಬೇಕೆಂದು ಅಪ್ಪ ಕುರ್ಚಿಯಲ್ಲಿ ಕುಳಿತೇ ಎರಡು ಸಲ ಹೇಳಿದರು.

ಬುಧವಾರ ಅಮ್ಮ ಹ್ಯಾಂಡಲ್ಲಿಗೆ ಸೇವಂತಿಗೆಯ ಮಾಲೆ ಹಾಕಿ, ರಿಂಗ್ ಸ್ಪ್ಯಾನರುಗಳನ್ನೂ ಮಣೆಯ ಮೇಲೆ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಹೊಸ ಕಾಟರ್ ಪಿನ್ನು ಓಡಾಟದಲ್ಲಿ ಇನ್ನಷ್ಟು ಒಳಗೆ ಕೂರುವುದರಿಂದ ಐವತ್ತು ಕಿಲೋಮೀಟರಾದ ಮೇಲೆ ನಟ್ಟನ್ನು ಮತ್ತೆ ಬಿಗಿ ಮಾಡಬೇಕೆಂದು ಮೇಸ್ತ್ರಿಗಳು ಹೇಳಿದ್ದರು. ಹಬ್ಬ ಕಳೆದು ಹತ್ತನೆಯ ದಿನ ಸ್ಪ್ಯಾನರ್ ಇಟ್ಟು ನೋಡಿದೆ. ಎಡಗಡೆಯದು ಕಾಲು ಸುತ್ತು ತಿರುಗಿತು, ಬಲಗಡೆಯದು ಕದಲಲಿಲ್ಲ.